ಬಟ್ಟೆ ಮಗುಚಿ ನೋಡಿ

ಹೊನ್ನಾಳಿಯಲ್ಲಿ ನನಗೆ ಕಸೂತಿ ಕಲಿಸಿದ ಟೀಚರು ಬಟ್ಟೆಯ ಮೇಲ್ಮುಖ ನೋಡುತ್ತಲೇ ಇರಲಿಲ್ಲ. ನಾವು ಗುಲಾಬಿ, ನವಿಲು, ದ್ರಾಕ್ಷಿ ಗೊಂಚಲು ಎಂದು ವಾರಗಟ್ಟಲೆ ಕೂತು ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟರೆ, ಹೆಂಚಿನ ಮೇಲಿನ ರೊಟ್ಟಿಯಂತೆ ಅದನ್ನು ಮಗುಚಿ ಹಿಂಬದಿಯನ್ನೇ ನೋಡುವರು. ನನ್ನ ಗುಲಾಬಿಯ ಬೆನ್ನಲ್ಲಿ ಗಂಟಿನ ಮೇಲೆ ಗಂಟು, ಬಿಟ್ಟುಹೋದ ತುಂಡು ದಾರ, ಒಂದು ಎಸಳಿನಿಂದ ಇನ್ನೊಂದಕ್ಕೆ ಅಡ್ಡಾದಿಡ್ಡಿ ಹಾರಿದ ಎಳೆ. “ಏನವ್ವ ಇದು, ಜಾಲಿ ಬೇಲಿನಾ?” ಎಂದರು. ಇಡೀ ಕ್ಲಾಸು ನಕ್ಕಿತು. ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ.

ಅವತ್ತು ಬಂದ ಸಿಟ್ಟು ಈಗಿಲ್ಲ. ಹೊಲಿಗೆಯ ಗುಟ್ಟೆಲ್ಲ ಹಿಂಬದಿಯಲ್ಲೇ ಇರುತ್ತದೆ ಎಂಬುದು ಆಮೇಲೆ ತಿಳಿಯಿತು. ದಾರ ಎಲ್ಲಿ ವ್ಯರ್ಥವಾಗಿದೆ, ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೆ, ಯಾವುದು ತೊಳೆದರೂ ಬಾಳುತ್ತದೆ, ಯಾವುದು ಬಳೆಗೆ ಸಿಕ್ಕಿ ಕಿತ್ತುಬರುತ್ತದೆ, ಎಲ್ಲವನ್ನೂ ಅದು ಹೇಳುತ್ತದೆ. ಪುಸ್ತಕಗಳಲ್ಲಿ ನೂರಾರು ಹೊಲಿಗೆಗಳ ಹೆಸರು ಸಿಗಬಹುದು. ಮನೆಗೆ ಏಳೆಂಟು ಸಾಕು. ಅವುಗಳಲ್ಲಿ ಮುಕ್ಕಾಲು ಪಾಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ ಈಗಾಗಲೇ ಇವೆ. ಕೌದಿಯಲ್ಲಿವೆ, ಲಂಬಾಣಿ ತಾಂಡಾದ ಅಜ್ಜಿಯ ಕಾಂಚಳಿ ರವಿಕೆಯಲ್ಲಿವೆ, ಇಳಕಲ್ ಸೀರೆಯ ಸೆರಗಿನಲ್ಲಿವೆ, ಅಷ್ಟೇಕೆ, ಮೆಕ್ಕೆಜೋಳದ ಚೀಲದ ಬಾಯಲ್ಲೂ ಒಂದಿದೆ.

ಶುರು ಮಾಡುವ ಮುನ್ನ

ದುಬಾರಿ ಕಿಟ್ಟು ಕೊಳ್ಳಬೇಡಿ. ಎರಡು ಸೂಜಿ, ನಾಲ್ಕು ಬಣ್ಣದ ದಾರ, ಒಂದು ಮರದ ರಿಂಗು, ಚಿಕ್ಕ ಕತ್ತರಿ, ಇಷ್ಟಿದ್ದರೆ ಆಯಿತು. ಬಟ್ಟೆಗೆ ಹಳೆಯ ಬಿಳಿ ಪಂಚೆಯೋ ಕಾಟನ್ ದಿಂಬಿನ ಕವರೋ ನಡೆಯುತ್ತದೆ. ಪಾಲಿಯೆಸ್ಟರ್ ಬೇಡ, ಸೂಜಿಯಡಿ ಜಾರುತ್ತದೆ. ಎಳೆ ಎಣಿಸಿ ಹಾಕುವ ಕಸೂತಿಗೆ ಮಾತ್ರ ಮ್ಯಾಟಿ ಬಟ್ಟೆ ತನ್ನಿ. ಕಣ್ಣಿಗೆ ಆಯಾಸವಾಗದು.

ಸೂಜಿಗೆ ನಂಬರು ಇರುತ್ತದೆ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ತೆಳು ಕಾಟನ್ನಿಗೆ 8 ಅಥವಾ 9, ದಪ್ಪ ಬಟ್ಟೆಗೆ 5 ಅಥವಾ 6. ಕಸೂತಿ ದಾರದ ಲಡಿಯಲ್ಲಿ ಸಾಮಾನ್ಯವಾಗಿ 8 ಮೀಟರ್ ಇರುತ್ತದೆ, ದಾರದಲ್ಲಿ ಆರು ಎಳೆ. ಆರನ್ನೂ ಒಟ್ಟಿಗೆ ಪೋಣಿಸುವುದು ಹೊಸಬರ ತಪ್ಪು. ಎರಡೋ ಮೂರೋ ಎಳೆ ಸಾಕು. ಎಳೆ ಬೇರ್ಪಡಿಸುವಾಗ ಮೂರನ್ನು ಒಟ್ಟಿಗೆ ಜಗ್ಗಿದರೆ ಸಿಕ್ಕು ಬೀಳುತ್ತದೆ. ಒಂದೊಂದೇ ಎಳೆಯನ್ನು ಮೇಲಕ್ಕೆ ಎಳೆದುಕೊಂಡು ಆಮೇಲೆ ಜೋಡಿಸಿ.

ದಾರ ಎಷ್ಟುದ್ದ ಇರಬೇಕು? ಹೂವಾಡಗಿತ್ತಿಯ ಅಳತೆ ಸಾಕು, ಒಂದು ಮೊಳ. ಮೊಣಕೈಯಿಂದ ನಡುಬೆರಳ ತುದಿವರೆಗೆ. ಪದೇ ಪದೇ ಪೋಣಿಸಲು ಬೇಸರವೆಂದು ಎರಡು ಮೊಳ ಹಾಕಿಕೊಂಡರೆ ದಾರ ಬಟ್ಟೆಯೊಳಗೆ ಹೋಗಿಬಂದು ಸವೆದು, ನುಲಿದು, ನಡುವೆಯೇ ಗಂಟಾಗುತ್ತದೆ.

ಡಿಸೈನ್ ಇಳಿಸಲು ಕಾರ್ಬನ್ ಹಾಳೆಗಿಂತ ಹಳೆಯ ವಿಧಾನವೇ ನನಗಿಷ್ಟ. ಬೆಣ್ಣೆ ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಹತ್ತಿಯುಂಡೆಯಿಂದ ಒರೆಸಬೇಕು. ಚುಕ್ಕಿಗಳು ಬಟ್ಟೆಗಿಳಿಯುತ್ತವೆ, ಒಂದೇ ಕಾಗದ ಹತ್ತಾರು ಸಲ ಬರುತ್ತದೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನ್ಯಾಯವೇ. ಹಗುರ ಪೆನ್ಸಿಲ್ ಗೆರೆಯೂ ಆದೀತು.

ಗಂಟು ಹಾಕಬೇಡಿ. ದಾರದ ತುದಿಯನ್ನು ಎರಡು ಬೆರಳಗಲ ಹಿಂದೆ ಬಿಟ್ಟು ಶುರು ಮಾಡಿ, ಮುಗಿದ ಮೇಲೆ ಅದನ್ನು ಹಿಂಬದಿಯ ಹೊಲಿಗೆಗಳ ಕೆಳಗೆ ನಾಲ್ಕೈದು ಸಲ ತೂರಿಸಿ ಕತ್ತರಿಸಿ. ತೊಳೆದಾಗ ಗಂಟು ಜಾರಬಹುದು. ತೂರಿಸಿದ ದಾರ ಅಷ್ಟು ಸುಲಭಕ್ಕೆ ಜಾರದು. ಗುಂಡಿಗೂ ಕನ್ನಡಿಗೂ ಮಾತ್ರ ನಾನು ಗಂಟಿಗೆ ಒಪ್ಪುತ್ತೇನೆ.

ಕೌದಿಯ ಹೊಲಿಗೆ

ರನ್ನಿಂಗ್ ಸ್ಟಿಚ್ ಎಂದು ಕ್ಲಾಸಿನಲ್ಲಿ ಕಲಿಸುವುದು ನಮ್ಮ ಕೌದಿಯ ಹೊಲಿಗೆಯನ್ನೇ. ಸೂಜಿ ಕೆಳಗೆ, ಮೇಲೆ, ಕೆಳಗೆ, ಮೇಲೆ. ಜಗಳೂರು ಸೀಮೆಯಲ್ಲಿ ನಮ್ಮಜ್ಜಿ ಕೌದಿಗೆ ಕೂರುತ್ತಿದ್ದುದು ಬೇಸಿಗೆಯಲ್ಲಿ, ಸುಗ್ಗಿ ಮುಗಿದು ಕೈ ಖಾಲಿಯಾದ ಮೇಲೆ. ಸವೆದ ಕಾಟನ್ ಸೀರೆಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಮೇಲೆ ಇನ್ನೆರಡು ಪದರ ಇಟ್ಟು, ಸುತ್ತಲೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಮೊದಲು ಹಿಡಿತಕ್ಕೆ ತರುವಳು. ಆಮೇಲೆ ಅಂಚಿನಿಂದ ಶುರು, ಸುತ್ತು ಹಾಕುತ್ತ ನಡುವಿಗೆ ಬರುವುದು. ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರ. ಕಲ್ಲಿನ ಮೇಲೆ ಸೂಜಿ ಮಸೆಯುವ ಸದ್ದು ಈಗಲೂ ಕಿವಿಯಲ್ಲಿದೆ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಯೂ ಹೀಗೆಯೇ ಅಂಚಿನಿಂದ ಒಳಕ್ಕೆ ಬರುತ್ತದೆ. ಕೊನೆಗೆ ಅವರು ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೂವಿನಂತೆ ಹೊಲಿಯುತ್ತಾರೆ, ಅದಕ್ಕೆ ಫುಲ ಎನ್ನುತ್ತಾರೆ. ಬಂಗಾಳದ ಕಾಂತಾ, ಜಪಾನಿನ ಸಾಶಿಕೊ ಎಂದು ಅಂಗಡಿಯಲ್ಲಿ ಹೆಸರು ಹೇಳಿ ಮಾರುವ ಬಟ್ಟೆಗಳ ಮೂಲ ಹೊಲಿಗೆಯೂ ಇದೇ. ಹಳೆಯ ಬಟ್ಟೆಗೆ ಎರಡನೇ ಆಯುಷ್ಯ ಕೊಡಲು ಊರೂರಿನ ಹೆಂಗಸರು ಕಂಡುಕೊಂಡದ್ದು ಒಂದೇ ಉಪಾಯ.

ಇದರಲ್ಲಿ ಗಮನಿಸಬೇಕಾದ್ದು ಎರಡು. ಸೂಜಿಯಲ್ಲಿ ಮೂರ್ನಾಲ್ಕು ಹೊಲಿಗೆ ಒಟ್ಟಿಗೆ ಎತ್ತಿಕೊಂಡು ಎಳೆದರೆ ಸಾಲು ನೇರವಾಗುತ್ತದೆ. ಎಳೆದ ಮೇಲೆ ಬಟ್ಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಸುಕ್ಕು ಬಿಡಿಸಬೇಕು, ಇಲ್ಲದಿದ್ದರೆ ಕೌದಿ ಹಪ್ಪಳದಂತೆ ಮುದುಡುತ್ತದೆ. ಮಗುಚಿ ನೋಡಿದರೆ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಅದಕ್ಕೇ ಕೌದಿಯನ್ನು ಯಾವ ಕಡೆಯಾದರೂ ಹೊದೆಯಬಹುದು.

ಪ್ಯಾಂಟಿನ ಮೊಣಕಾಲು ಸವೆದಿದ್ದರೂ ಇದೇ ಹೊಲಿಗೆ ಸಾಕು. ಉದ್ದಕ್ಕೆ ಸಾಲು ಹಾಕಿ, ಅಡ್ಡಕ್ಕೆ ಒಂದು ಎಳೆ ಬಿಟ್ಟು ಒಂದು ಎತ್ತುತ್ತ ಹೆಣೆದರೆ ರಫು ಆಯಿತು. ಸೂಜಿಯಲ್ಲಿ ನೇಯುವುದೆಂದರೆ ಇದೇ.

ಹೋದ ದಾರಿಯಲ್ಲೇ ವಾಪಸ್ಸು

ರನ್ನಿಂಗ್ ಸ್ಟಿಚ್ ಹಾಕಿಕೊಂಡು ಒಂದು ಗೆರೆ ಹೋಗಿ. ಮಧ್ಯೆ ಮಧ್ಯೆ ಖಾಲಿ ಜಾಗ ಉಳಿದಿರುತ್ತದೆ. ಅದೇ ಗೆರೆಯಲ್ಲಿ ತಿರುಗಿ ಬರುತ್ತ ಖಾಲಿ ಜಾಗ ತುಂಬಿ. ಎರಡೂ ಕಡೆ ಕಡಿಯದ ಗೆರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಇದಕ್ಕೆ ಗವಂತಿ ಎಂದು ಹೆಸರು. ಮುರಗಿ ಇದರದೇ ತಂಗಿ, ಮೆಟ್ಟಿಲಿನಂತೆ ಅಂಕುಡೊಂಕಾಗಿ ಹತ್ತುತ್ತದೆ. ನೇಯ್ಗಿಯಲ್ಲಿ ಉದ್ದ, ಗಿಡ್ಡ ಎಳೆಗಳು ಸೇರಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಗುಣಾಕಾರದ ಗುರುತಿನ ಹೊಲಿಗೆ. ಇಂಗ್ಲಿಷಿನವರ ಕ್ರಾಸ್ ಸ್ಟಿಚ್, ನಮಗೆ ಮೆಂತ್ಯದ ಕಾಳು. ಕಸೂತಿಯ ಸಂಸಾರದಲ್ಲಿ ಈ ನಾಲ್ಕೇ ಮಂದಿ. ಆನೆ ಅಂಬಾರಿ, ತೇರು, ಗೋಪುರ, ತುಳಸಿಕಟ್ಟೆ, ತೊಟ್ಟಿಲು ಎಲ್ಲವನ್ನೂ ಇವರೇ ಕಟ್ಟಿದ್ದು.

ಕಸೂತಿಗೆ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತಾರೆ. ಗಂಟೂ ಇಲ್ಲ. ಹಾಗಾಗಿ ಹಾಕುವವಳಿಗೆ ಒಂದು ಲೆಕ್ಕ ಬೀಳುತ್ತದೆ: ಕವಲೊಡೆದ ಪ್ರತಿ ಗೆರೆಯಲ್ಲೂ ಒಮ್ಮೆ ಹೋಗಬೇಕು, ಒಮ್ಮೆ ಬರಬೇಕು, ಕೊನೆಗೆ ಹೊರಟಲ್ಲಿಗೇ ತಲುಪಬೇಕು. ಗೋಪುರ ಹತ್ತುವಾಗ ಯಾವ ಕವಲನ್ನು ಮೊದಲು ಮುಗಿಸಬೇಕು ಎಂದು ತಲೆಯಲ್ಲೇ ನಕ್ಷೆ ಇರಬೇಕು. ತಪ್ಪಿದರೆ ಹಿಂಬದಿಯಲ್ಲಿ ದಾರ ಹಾರುತ್ತದೆ, ಟೀಚರ ಜಾಲಿ ಬೇಲಿ ಶುರುವಾಗುತ್ತದೆ. ಕಲಿಯುವವರು ಮೊದಲು ಗೆರೆಕಾಗದದ ಮೇಲೆ ಪೆನ್ಸಿಲ್ಲಿನಿಂದ ದಾರಿ ಹುಡುಕಿಕೊಂಡರೆ ಬಿಚ್ಚುವ ಕೆಲಸ ಅರ್ಧ ಉಳಿಯುತ್ತದೆ. ಇನ್ನೊಂದು ಕೈಚಳಕವಿದೆ. ವಾಪಸ್ಸು ಬರುವಾಗ ಮೊದಲ ದಾರದ ಮೇಲಂಚಿಗೆ ಸೂಜಿ ತೆಗೆದು ಕೆಳಂಚಿಗೆ ಇಳಿಸಿ. ಪ್ರತಿ ಸಲವೂ ಹಾಗೆಯೇ ಮಾಡಿದರೆ ಗೆರೆ ಅಲುಗದೆ ನೇರ ನಿಲ್ಲುತ್ತದೆ.

ಯುರೋಪಿನಲ್ಲಿ ಇದೇ ಹೊಲಿಗೆಯನ್ನು ಹೋಲ್ಬೈನ್ ಸ್ಟಿಚ್ ಎನ್ನುತ್ತಾರೆ. ಹ್ಯಾನ್ಸ್ ಹೋಲ್ಬೈನ್ 16ನೇ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಗಾರ. ಅವನು ಬರೆದ ಚಿತ್ರಗಳಲ್ಲಿ ಕೊರಳಪಟ್ಟಿ, ತೋಳಪಟ್ಟಿಗಳ ಮೇಲೆ ಈ ಕೆಲಸ ಎಷ್ಟು ನಿಚ್ಚಳವಾಗಿತ್ತೆಂದರೆ ಹೊಲಿಗೆಗೆ ಅವನ ಹೆಸರೇ ಅಂಟಿಕೊಂಡಿತು. ಹಾಕಿದ ಹೆಂಗಸರ ಹೆಸರು ಅಲ್ಲೂ ಉಳಿಯಲಿಲ್ಲ.

ಬ್ಯಾಕ್ ಸ್ಟಿಚ್ಚಿನ ಮೇಲ್ಮುಖ ಗವಂತಿಯಂತೆಯೇ ಕಂಡರೂ ಕೆಲಸ ಬೇರೆ. ಸೂಜಿ ಒಂದು ಹೆಜ್ಜೆ ಹಿಂದೆ ಇಳಿದು ಎರಡು ಹೆಜ್ಜೆ ಮುಂದೆ ಏಳುತ್ತದೆ. ಪ್ರತಿ ಹೊಲಿಗೆಯೂ ಹಿಂದಿನದರ ಕೊರಳು ಹಿಡಿದಿರುತ್ತದೆ, ಆದ್ದರಿಂದ ಕೈಹೊಲಿಗೆಗಳಲ್ಲಿ ಇದು ಗಟ್ಟಿ. ರವಿಕೆಯ ಕಂಕುಳು ಬಿಚ್ಚಿಕೊಂಡಾಗ, ಚೀಲದ ಹಿಡಿ ಕಿತ್ತಾಗ ಇದನ್ನೇ ಹಾಕಿ. ಮಗುಚಿ ನೋಡಿದರೆ ಹಿಂದೆ ಹಗ್ಗ ಹೊಸೆದಂತಿರುತ್ತದೆ. ಹೂವಿನ ದಂಟಿಗೆ ಹಾಕುವ ಸ್ಟೆಮ್ ಸ್ಟಿಚ್ ಮೇಲಿಂದ ಕಾಣುವುದು ಹಾಗೆಯೇ. ಅದನ್ನು ಮಗುಚಿದರೆ ಬ್ಯಾಕ್ ಸ್ಟಿಚ್! ಒಂದರ ಬೆನ್ನು ಇನ್ನೊಂದರ ಮುಖ.

ಚೀಲದ ಬಾಯಿ, ರವಿಕೆಯ ಬೆನ್ನು

ಗೊಬ್ಬರದ ಚೀಲವನ್ನೋ ಮೆಕ್ಕೆಜೋಳದ ಚೀಲವನ್ನೋ ಬಿಚ್ಚಿದವರಿಗೆ ಸರಪಳಿ ಹೊಲಿಗೆ ಗೊತ್ತು. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಇಡೀ ಬಾಯಿ ತೆರೆದುಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಕುಡುಗೋಲೇ ಬೇಕು. ಕೈಯಲ್ಲಿ ಹಾಕುವ ಚೈನ್ ಸ್ಟಿಚ್ಚಿನ ಗುಣವೂ ಅದೇ. ದಾರ ಎದ್ದಲ್ಲಿಗೇ ಮತ್ತೆ ಇಳಿದು ಒಂದು ಕುಣಿಕೆಯಾಗುತ್ತದೆ, ಮುಂದಿನ ಕುಣಿಕೆ ಅದನ್ನು ಹಿಡಿಯುತ್ತದೆ. ಕೊನೆಯ ಕುಣಿಕೆಯ ತಲೆಯ ಮೇಲೆ ಒಂದು ಚಿಕ್ಕ ಟಾಕಾ ಹಾಕದೆ ಬಿಟ್ಟರೆ ಸರಪಳಿ ಕೊನೆಯಿಂದ ಬಿಚ್ಚಲು ಶುರು. ಕುಣಿಕೆಯನ್ನು ಜಗ್ಗಬೇಡಿ, ಕೊಂಡಿಯಂತೆ ದುಂಡಗಿರಲಿ. ಒಂದೇ ಕೊಂಡಿ ಹಾಕಿ ಟಾಕಾ ಕೊಟ್ಟರೆ ಅದೇ ಲೇಜಿ ಡೇಜಿಯ ಎಸಳು. ಐದಾರು ಎಸಳಿಗೆ ಹೂವಾಯಿತು.

ಮದುವೆ ರವಿಕೆಯ ಬೆನ್ನಿಗೆ ಹಾಕಿಸುವ ಆರಿ ವರ್ಕ್ ಕೂಡ ಮೂಲದಲ್ಲಿ ಸರಪಳಿಯೇ. ಸೂಜಿಯ ಬದಲು ಕೊಕ್ಕೆ, ದಾರ ಬಟ್ಟೆಯ ಕೆಳಗಿರುತ್ತದೆ, ಕೊಕ್ಕೆ ಅದನ್ನು ಮೇಲಕ್ಕೆ ಎಳೆದು ಕೊಂಡಿ ಮಾಡುತ್ತದೆ. ಹಾಗಾಗಿಯೇ ಅಷ್ಟು ವೇಗ. ಸಾವಿರಗಟ್ಟಲೆ ಕೊಟ್ಟು ಹಾಕಿಸಿದ ರವಿಕೆಯನ್ನು ಮನೆಗೆ ತಂದಾಗ ಮೊದಲು ಒಳಭಾಗ ನೋಡಿ, ಬಿಟ್ಟ ತುದಿಗಳಿಗೆ ಟಾಕಾ ಬಿದ್ದಿದೆಯೇ ಎಂದು. ನನ್ನದೊಂದು ರವಿಕೆಯಲ್ಲಿ ಆರತಕ್ಷತೆ ಮುಗಿಯುವಷ್ಟರಲ್ಲಿ ಅರ್ಧ ನವಿಲು ಹಾರಿಹೋಗಿತ್ತು.

ಗೆರೆಯೊಳಗೆ ಬಣ್ಣ ತುಂಬುವ ಸ್ಯಾಟಿನ್ ಸ್ಟಿಚ್ ನೋಡಲು ನುಣುಪು, ಬಳಸಲು ತಾಪತ್ರಯ. ಮೇಲೆ ಹೋದಷ್ಟೇ ದಾರ ಕೆಳಗೂ ಹೋಗುತ್ತದೆ. ಒಂದು ಸೆಂಟಿಮೀಟರಿಗಿಂತ ಅಗಲದ ಎಲೆಗೆ ಹಾಕಿದರೆ ಬಳೆಗೂ ಕಾಲುಂಗುರಕ್ಕೂ ಸಿಕ್ಕಿಕೊಳ್ಳುತ್ತದೆ. ದಾರ ಉಳಿಸಬೇಕೆಂದರೆ ಒಂದು ಕಡೆ ಇಳಿದ ಸೂಜಿಯನ್ನು ಅಲ್ಲೇ ಪಕ್ಕದಲ್ಲಿ ಎತ್ತಿ ಎದುರು ಅಂಚಿಗೆ ಹೋಗಿ. ಹಿಂಬದಿಯಲ್ಲಿ ಬರೀ ಚುಕ್ಕಿ ಉಳಿಯುತ್ತವೆ. ಫ್ರೆಂಚ್ ನಾಟ್ ಎಂಬ ಗಂಟು ಹೊಲಿಗೆ ಹೂವಿನ ನಡುವಿನ ಕೇಸರಕ್ಕೆ ಚೆಂದ. ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ, ಎದ್ದ ತೂತಿನಲ್ಲೇ ಇಳಿಸದೆ ಕೂದಲೆಳೆ ಪಕ್ಕದಲ್ಲಿ ಇಳಿಸಿ. ಅದೇ ತೂತಾದರೆ ಗಂಟು ಹಿಂದಕ್ಕೆ ಹಾರುತ್ತದೆ. ತಲೆದಿಂಬಿಗೆ ಇದು ಬೇಡ, ಬೆಳಗ್ಗೆ ಕೆನ್ನೆಯ ಮೇಲೆ ಅಚ್ಚು ಮೂಡಿರುತ್ತದೆ.

ಸೀರೆಯ ಫಾಲ್, ಲಂಗದ ಅಂಚು, ಪರದೆಯ ಮಡಿಕೆಗಳಿಗೆ ಹೆರಿಂಗ್‌ಬೋನ್ ಹಾಕಿ. ಎಡದಿಂದ ಬಲಕ್ಕೆ ಸಾಗುತ್ತ, ಸೂಜಿಯ ಮೂತಿ ಮಾತ್ರ ಎಡಕ್ಕಿರಲಿ. ಮೇಲೆ ಒಂದು ಚಿಕ್ಕ ಕಚ್ಚು, ಕೆಳಗೆ ಒಂದು ಚಿಕ್ಕ ಕಚ್ಚು, ನಡುವೆ ದಾರ ಮೀನಿನ ಮುಳ್ಳಿನಂತೆ ಓರೆಯಾಗಿ ದಾಟುತ್ತದೆ. ಮಡಿಕೆಯ ಹೊರಗೆ ಬಟ್ಟೆಯ ಒಂದೆರಡು ಎಳೆ ಮಾತ್ರ ಎತ್ತಿದರೆ ಹೊರಗಿನವರಿಗೆ ಹೊಲಿಗೆ ಕಾಣುವುದಿಲ್ಲ. ತೆಳ್ಳನೆಯ ಬಿಳಿ ಬಟ್ಟೆಯ ಹಿಂಬದಿಯಲ್ಲಿ ಇದನ್ನೇ ಒತ್ತಾಗಿ ಹಾಕಿದರೆ ಮುಂದೆ ಎರಡು ಚುಕ್ಕಿಗೆರೆ, ನಡುವೆ ಬಣ್ಣದ ನೆರಳು. ಅದಕ್ಕೆ ಶ್ಯಾಡೊ ವರ್ಕ್ ಎನ್ನುತ್ತಾರೆ.

ಕನ್ನಡಿ ಕೂರಿಸುವುದು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿ ಜನರ ಸಂತ ಸೇವಾಲಾಲರು ಹುಟ್ಟಿದ ಊರು. ತಾಂಡಾದವರಿಗೆ ಅದು ಭಾಯಾಗಡ. ಪ್ರತಿ ಫೆಬ್ರುವರಿ ನಡುವಿಗೆ ಅಲ್ಲಿ ಜಯಂತಿಯ ಜಾತ್ರೆ. ಹೊಲಿಗೆ ಕಲಿಯುವವರು ಅಲ್ಲಿಗೆ ಒಮ್ಮೆ ಹೋಗಬೇಕು, ದೇವರ ದರ್ಶನಕ್ಕೂ ಹೌದು, ಬಟ್ಟೆಯ ದರ್ಶನಕ್ಕೂ ಹೌದು. ಫೇಟಿಯಾ ಲಂಗ, ಕಾಂಚಳಿ, ತಲೆಗೆ ಟುಕ್ರಿ ತೊಟ್ಟು ಬಂದ ಹಿರಿಯ ಹೆಂಗಸರ ಮೈಮೇಲೆ ಕನ್ನಡಿ, ಕವಡೆ, ನಾಣ್ಯ, ಮಣಿ, ಉಣ್ಣೆಯ ಗೊಂಡೆ. ಇವನ್ನೆಲ್ಲ ಹಿಡಿದಿಟ್ಟ ಹೊಲಿಗೆಗಳಿಗೆ ಅವರ ಭಾಷೆಯಲ್ಲಿ ಅವರದೇ ಹೆಸರುಗಳಿವೆ: ಕಿಲನ್, ವೇಲೆ, ಬಕ್ಯಾ, ಮಾಕಿ, ನಕ್ರಾ. ಜಗಳೂರಿನಿಂದ ಉತ್ತರಕ್ಕೆ ಕೂಡ್ಲಿಗಿ ದಾಟಿದರೆ ಸಂಡೂರು. ಅಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಸಂಡೂರು ಕುಶಲ ಕಲಾ ಕೇಂದ್ರದ ನೆರಳಿನಲ್ಲಿ ನೂರಾರು ಹೆಂಗಸರು ಈ ಕೆಲಸ ಮಾಡಿದ್ದಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಜಾತ್ರೆಯಲ್ಲಿ ಒಬ್ಬ ಅಜ್ಜಿ ಕೂತಲ್ಲೇ ಸಡಿಲಾದ ಕನ್ನಡಿಯನ್ನು ಮತ್ತೆ ಕೂರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿದೆ. “ತೂತಿಲ್ಲದ ಕನ್ನಡಿ ಹೇಗೆ ನಿಲ್ಲುತ್ತದಜ್ಜಿ?” ಎಂದರೆ, “ಮೊದ್ಲು ಕಟ್ಟಾಕು, ಆಮೇಲೆ ಸಿಂಗಾರ” ಎಂದರು. ಅಷ್ಟೇ ಪಾಠ.

ಕಟ್ಟುವುದು ಹೀಗೆ. ಕನ್ನಡಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಅದರ ಮೇಲೆ ಉದ್ದಕ್ಕೆ ಎರಡು ದಾರ, ಅಡ್ಡಕ್ಕೆ ಎರಡು ದಾರ ಹಾಯಿಸಿ. ಅಂಚಿಗೆ ಹತ್ತಿರ ಬೇಡ, ನಡುವೆ ಒಂದು ಪುಟ್ಟ ಚೌಕ ಉಳಿಯುವಷ್ಟು ಒಳಗಿರಲಿ. ಅಡ್ಡ ದಾರ ಉದ್ದ ದಾರವನ್ನು ದಾಟುವಾಗ ಪ್ರತಿ ಸಲವೂ ಅದಕ್ಕೊಂದು ಸುತ್ತು ಹಾಕಿ. ಇದೇ ಕಟ್ಟು. ಹೆಬ್ಬೆರಳು ತೆಗೆದು ಬಟ್ಟೆ ಅಲುಗಿಸಿ ನೋಡಿ. ಕನ್ನಡಿ ಈಗಲೇ ಜಾರಿದರೆ ಬಿಚ್ಚಿ ಮತ್ತೆ ಕಟ್ಟಿ, ಮುಂದಿನ ಸಿಂಗಾರ ಅದನ್ನು ಉಳಿಸುವುದಿಲ್ಲ.

ಆಮೇಲೆ ಕನ್ನಡಿಯ ಅಂಚಿಗೆ ತಾಗಿ ಸೂಜಿ ಮೇಲೆ ತೆಗೆಯಿರಿ. ಚೌಕದ ಒಳಗಿನಿಂದ ಕಟ್ಟಿನ ದಾರದಡಿ ಸೂಜಿ ತೂರಿಸಿ, ದಾರವನ್ನು ಸೂಜಿಯ ಮೂತಿಯಡಿ ಇಟ್ಟು ಹೊರಕ್ಕೆ ಎಳೆಯಿರಿ. ಗುಂಡಿಮನೆಗೆ ಹಾಕುವ ಕಾಜಾ ಹೊಲಿಗೆ ಇದೇ. ಬಳಿಕ ಅಂಚಿನ ಪಕ್ಕದ ಬಟ್ಟೆಯಲ್ಲಿ ಒಂದು ಚಿಕ್ಕ ಕಚ್ಚು, ಅಲ್ಲೂ ದಾರ ಮೂತಿಯಡಿಯೇ ಇರಲಿ. ಕಟ್ಟಿಗೊಂದು, ಬಟ್ಟೆಗೊಂದು, ಹೀಗೆ ಒತ್ತೊತ್ತಾಗಿ ಸುತ್ತು ಬನ್ನಿ. ಎಳೆಯುತ್ತ ಹೋದಂತೆ ನಡುವಿನ ಚೌಕ ನಿಧಾನಕ್ಕೆ ಅಗಲವಾಗಿ ದುಂಡಗಾಗುತ್ತದೆ. ಕಣ್ಣು ಬಿಟ್ಟಂತೆ ಕನ್ನಡಿ ಹೊಳೆಯುತ್ತದೆ. ಮೊದಲ ಕನ್ನಡಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿಗೆ ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು.

ಮಕ್ಕಳ ಬಟ್ಟೆಗೆ ಗಾಜು ಬೇಡ, ಪ್ಲಾಸ್ಟಿಕ್ ಕನ್ನಡಿ ಸಿಗುತ್ತದೆ. ಗಾಜಿನದಾದರೆ ಅಂಚನ್ನು ಕಲ್ಲಿಗೆ ತುಸು ಉಜ್ಜಿ, ಇಲ್ಲದಿದ್ದರೆ ಅದು ದಾರವನ್ನು ಒಳಗೊಳಗೇ ಕೊಯ್ಯುತ್ತದೆ. ವಾಷಿಂಗ್ ಮೆಷಿನ್ನಿಗಂತೂ ಹಾಕಲೇಬೇಡಿ.

ಜಾತ್ರೆಯಲ್ಲಿ ಕೊಳ್ಳುವವರಿಗೂ ಇಲ್ಲೊಂದು ಮಾತು. ಮೆಷಿನ್ ಕೆಲಸವನ್ನು ಕೈಕೆಲಸದ ದರಕ್ಕೆ ಮಾರುವುದುಂಟು. ಜಗಳ ಬೇಡ, ಮಗುಚಿ ನೋಡಿ. ಮುಂದೆ ಹತ್ತು ಬಣ್ಣವಿದ್ದರೂ ಹಿಂದೆಲ್ಲ ಒಂದೇ ಬಿಳಿ ದಾರ ಓಡಿದ್ದರೆ, ಅಡಿಯಲ್ಲಿ ಕಾಗದದಂಥ ಗಡಸು ಬಟ್ಟೆ ಅಂಟಿದ್ದರೆ ಅದು ಮೆಷಿನ್ನಿನದು. ಕೈಕೆಲಸದಲ್ಲಿ ಮುಂದಿನ ಬಣ್ಣವೇ ಹಿಂದೆಯೂ ಇರುತ್ತದೆ, ಅಲ್ಲಲ್ಲಿ ಅಳತೆ ತುಸು ಹೆಚ್ಚುಕಮ್ಮಿ ಇರುತ್ತದೆ.

ಹೊಲಿಗೆ ಹಾಕುವ ಮುಂಚೆಯೇ ಕೆಂಪು, ಕಪ್ಪು ದಾರದ ತುಂಡನ್ನು ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರವನ್ನು ಬಿಳಿ ಬಟ್ಟೆಗೆ ಹಾಕಬೇಡಿ. ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಯಿಂದ ನಾನು ಒಂದು ಟೇಬಲ್ ಕ್ಲಾತ್ ಕಳೆದುಕೊಂಡಿದ್ದೇನೆ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ, ಹಿಂಬದಿಯಿಂದ ಒತ್ತಿ. ಹೊಲಿಗೆ ಚಪ್ಪಟೆಯಾಗದೆ ಎದ್ದು ನಿಲ್ಲುತ್ತದೆ.

ಕೆಲಸ ಮುಗಿಸಿ ಏಳುವಾಗ ಸೂಜಿ ಎಣಿಸಿ. ನಮ್ಮಜ್ಜಿ ನಾಲ್ಕು ತೆಗೆದಿದ್ದರೆ ನಾಲ್ಕೂ ಕೈಗೆ ಬರುವವರೆಗೆ ಕೌದಿ ಸುತ್ತುತ್ತಿರಲಿಲ್ಲ. ಒಂದು ಕಮ್ಮಿಯಾದರೆ ಮಕ್ಕಳನ್ನೆಲ್ಲ ಹೊರಗೆ ಅಟ್ಟಿ, ದೀಪ ಹಿಡಿದು, ಕೌದಿಯ ಒಂದೊಂದು ಸಾಲಿನ ಮೇಲೂ ಅಂಗೈ ಆಡಿಸುತ್ತಿದ್ದಳು.